ಮೊದಲನೇ ಕಾರೇ ಹಳೇ ಮಸಲ್ ಕಾರ್ ಬೇಕಾ? ಬಾನೆಟ್ ಎತ್ತೋಕೆ ಮುಂಚೆ ಕಾರ್ಪೆಟ್ ಎತ್ತಿ

ಡೆಟ್ರಾಯ್ಟ್ ಸುತ್ತಮುತ್ತ ಟ್ರಾಯ್, ನೋವೈ, ಕ್ಯಾಂಟನ್ ಕಡೆ ಇರೋ ನಮ್ಮ ಕನ್ನಡದವರಲ್ಲಿ ತುಂಬಾ ಜನ ಕಾರ್ ಕಂಪನಿಲೋ ಅವರಿಗೆ ಪಾರ್ಟ್ಸ್ ಮಾಡಿಕೊಡೋ ಕಡೆನೋ ಕೆಲಸ ಮಾಡ್ತಾರೆ, ಆದ್ರೆ ಮನೆ ಮುಂದೆ ನಿಂತಿರೋದು ಮಾತ್ರ ಕ್ಯಾಮ್ರಿ ಇಲ್ಲಾ ಸಿಆರ್-ವಿ. ಮಕ್ಕಳಿಗೆ ಹದಿನಾರಾಗಿ ಲೈಸೆನ್ಸ್ ಕೈಗೆ ಬಂತು, ಆಗಸ್ಟ್ ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್ ಅನ್ನೋ ಹಳೇ ಕಾರುಗಳ ಮೆರವಣಿಗೆಗೆ ಹೋಗಿ ಬಂದ್ರು ಅಂದ್ರೆ ಮುಗೀತು, ಮಾರನೇ ದಿನದಿಂದ "ಅಪ್ಪಾ ಒಂದು ಹಳೇ ಮಸ್ಟಾಂಗ್ ತಗೊಳ್ಳೋಣ, ಗ್ಯಾರೇಜಲ್ಲಿ ನಾವೇ ರೆಡಿ ಮಾಡೋಣ" ಅಂತ ಶುರು. ಬೇಡ ಅಂತ ನಾನು ಹೇಳಲ್ಲ. ಆಗತ್ತೆ, ಚೆನ್ನಾಗೂ ಇರತ್ತೆ. ಆದ್ರೆ ಎಲ್ಲರೂ ತಪ್ಪು ಕಡೆಯಿಂದ ಕಾರ್ ನೋಡ್ತಾರೆ, ಬಾನೆಟ್ ಎತ್ತಿ ವಿ8, ಅಂದ್ರೆ ಎಂಟು ಸಿಲಿಂಡರಿನ ಎಂಜಿನ್ನಿನ ಸೌಂಡ್ ಕೇಳಿ ಅಲ್ಲೇ ಕರಗಿ ಹೋಗ್ತಾರೆ. ಈ ಕಾರುಗಳಲ್ಲಿ ಎಂಜಿನ್ನು ಎಲ್ಲಕ್ಕಿಂತ ಅಗ್ಗದ ಸಮಸ್ಯೆ. ದುಡ್ಡು ತಿನ್ನೋದು ತುಕ್ಕು. ಹಂಗಾಗಿ ಈ ಗೈಡ್‌ನಲ್ಲಿ ಒಂದು ದೊಡ್ಡ ಭಾಗ ತುಕ್ಕಿನ ಬಗ್ಗೆನೇ ಇದೆ, ಬೇಜಾರು ಮಾಡ್ಕೋಬೇಡಿ.

ಮಸಲ್ ಕಾರ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. 1964ರಲ್ಲಿ ಪಾಂಟಿಯಾಕ್‌ನವರು ಮಧ್ಯಮ ಸೈಜಿನ ಟೆಂಪೆಸ್ಟ್ ಕಾರಿಗೆ 389 ಕ್ಯೂಬಿಕ್ ಇಂಚಿನ, ಅಂದ್ರೆ ಹತ್ತಿರ ಹತ್ತಿರ 6.4 ಲೀಟರಿನ ವಿ8 ಹಾಕಿ ಜಿಟಿಒ ಅಂತ ಮಾರಿದ್ರು, ಅಲ್ಲಿಂದ ಈ ಹುಚ್ಚು ಹಬ್ಬಿತು ಅಂತಾರೆ. ಅದೇ ವರ್ಷ ಏಪ್ರಿಲ್‌ನಲ್ಲಿ ಫೋರ್ಡ್ ಮಸ್ಟಾಂಗ್ ಬಂತು, 1967ಕ್ಕೆ ಶೆವರ್ಲೆ ಕಮಾರೊ ಬಂತು. ಪಂಡಿತರು ಮಸ್ಟಾಂಗ್ ಕಮಾರೊ ಎಲ್ಲಾ ಪೋನಿ ಕಾರು, ಅಂದ್ರೆ ಚಿಕ್ಕ ಸ್ಪೋರ್ಟಿ ಕಾರು, ಮಸಲ್ ಕಾರಲ್ಲ ಅಂತ ಜಗಳಕ್ಕೆ ಬರ್ತಾರೆ, ಬರ್ಲಿ ಬಿಡಿ. ಎಪ್ಪತ್ತರ ದಶಕದ ಶುರುವಲ್ಲಿ ಇನ್ಶೂರೆನ್ಸ್ ರೇಟು ಏರ್ತು, ಹೊಗೆ ಕಾನೂನು ಬಂತು, 1973ರಲ್ಲಿ ಎಣ್ಣೆ ಬಿಕ್ಕಟ್ಟಾಯ್ತು, ಆಟ ಮುಗೀತು.

ಇನ್ನೊಂದು ವಿಷ್ಯ, ಹಳೇ ಬ್ರೋಶರ್‌ಗಳಲ್ಲಿರೋ ಹಾರ್ಸ್‌ಪವರ್ ನಂಬರ್ ನೋಡಿ ಬಾಯಿ ಬಿಡಬೇಡಿ. 1971ರ ತನಕ ಕೊಡ್ತಿದ್ದದ್ದು ಗ್ರಾಸ್ ಲೆಕ್ಕ, ಎಂಜಿನ್ನನ್ನ ಸ್ಟ್ಯಾಂಡ್ ಮೇಲಿಟ್ಟು, ಏರ್ ಕ್ಲೀನರ್ ಸೈಲೆನ್ಸರ್ ಏನೂ ಇಲ್ಲದೆ ಅಳತೆ ಮಾಡಿದ್ದು. 1972ರಿಂದ ಇವೆಲ್ಲಾ ಹಾಕಿ ಅಳೆಯೋ ನೆಟ್ ಲೆಕ್ಕ ಬಂತು. ಕಾರ್ವೆಟ್‌ನ ಎಲ್‌ಟಿ-1 ಎಂಜಿನ್ 1971ರಲ್ಲಿ 330 ಅಂತಿದ್ದದ್ದು 1972ರಲ್ಲಿ 255 ಆಯ್ತು, ಎಂಜಿನ್ ಹೆಚ್ಚುಕಮ್ಮಿ ಅದೇ.

ಮೊದಲು ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿ

ಕಾರ್ ನೋಡೋಕೆ ಹೋಗೋ ಮುಂಚೆನೇ ಮಾಡ್ಬೇಕಾದ ಕೆಲಸ ಇದು, ಯಾಕಂದ್ರೆ ಇಲ್ಲೇ ಅರ್ಧ ಜನರ ಪ್ಲಾನ್ ಬಿದ್ದೋಗತ್ತೆ. ಹಳೇ ಕಾರಿಗೆ ಅಂತಲೇ ಕ್ಲಾಸಿಕ್ ಪಾಲಿಸಿ ಇರತ್ತೆ, ನೀವೂ ಕಂಪನಿನೂ ಒಪ್ಪಿಕೊಂಡ ಬೆಲೆಗೆ ಕವರ್ ಕೊಡ್ತಾರೆ, ಪ್ರೀಮಿಯಮ್ಮೂ ಕಮ್ಮಿ. ಆದ್ರೆ ಅದನ್ನ ಕೊಡೋರು ಸಾಮಾನ್ಯವಾಗಿ ಎರಡು ಷರತ್ತು ಹಾಕ್ತಾರೆ: ಡ್ರೈವರಿಗೆ ದಿನಾ ಓಡಾಡೋಕೆ ಬೇರೆ ಕಾರ್ ಇರ್ಬೇಕು, ಈ ಕಾರಲ್ಲಿ ಸ್ಕೂಲಿಗೋ ಕೆಲಸಕ್ಕೋ ದಿನಾ ಹೋಗೋ ಹಾಗಿಲ್ಲ. ಹದಿನಾರು ಹದಿನೇಳರ ಮಕ್ಕಳ ಹೆಸರು ಸೇರಿಸೋಕಂತೂ ತುಂಬಾ ಕಡೆ ಒಪ್ಪೋದೇ ಇಲ್ಲ. ಸಾಮಾನ್ಯ ಪಾಲಿಸಿಲಿ ಹಾಕ್ತೀನಿ ಅಂದ್ರೆ ಹಾಕಬಹುದು, ಆದ್ರೆ ಮಿಶಿಗನ್‌ನಲ್ಲಿ ಹೊಸ ಡ್ರೈವರಿಗೆ ಪ್ರೀಮಿಯಂ ಎಷ್ಟು ಅಂತ ನಿಮಗೇ ಗೊತ್ತು, ಮೇಲಿಂದ ಆಕ್ಸಿಡೆಂಟ್ ಆದ್ರೆ ಅವರು ನಿಮ್ಮ ಕಾರನ್ನ ಐವತ್ತು ವರ್ಷದ ಹಳೇ ಸೆಕೆಂಡ್ ಹ್ಯಾಂಡ್ ಕಾರ್ ಅಂತ ಲೆಕ್ಕ ಹಾಕಿ ಪುಡಿಗಾಸು ಕೊಡ್ತಾರೆ.

ನಂಬರ್ ಪ್ಲೇಟ್ ವಿಷ್ಯದಲ್ಲೂ ಒಂದು ಕೊಂಡಿ ಇದೆ. ಮಿಶಿಗನ್‌ನಲ್ಲಿ ಹಳೇ ಕಾರಿಗೆ ಹಿಸ್ಟಾರಿಕ್ ಪ್ಲೇಟ್ ಅಗ್ಗಕ್ಕೆ ಸಿಗತ್ತೆ, ಆದ್ರೆ ಅದನ್ನ ಹಾಕ್ಕೊಂಡ್ರೆ ಕಾರ್ ಶೋ, ಪರೇಡ್, ಕ್ಲಬ್ ಕಾರ್ಯಕ್ರಮ ಅಂಥದ್ದಕ್ಕೆ ಮಾತ್ರ ಓಡಿಸಬೇಕು, ಆಗಸ್ಟ್ ಒಂದು ತಿಂಗಳು ಮಾತ್ರ ಮಾಮೂಲಾಗಿ ಓಡಿಸಬಹುದು. ದಿನಾ ಓಡಿಸೋರಿಗೆ ಮಾಮೂಲಿ ಪ್ಲೇಟೇ ಸರಿ. ಇದ್ರ ಜೊತೆಗೆ ಚಳಿಗಾಲ. ನವೆಂಬರ್‌ನಿಂದ ಏಪ್ರಿಲ್ ತನಕ ರೋಡಿಗೆ ಉಪ್ಪು ಸುರೀತಾರೆ, ಡೆಟ್ರಾಯ್ಟ್ ಊರ ಕೆಳಗೇ ಉಪ್ಪಿನ ಗಣಿ ಇದೆ, ಅವರಿಗೇನು ಕಮ್ಮಿ. ಆ ಉಪ್ಪಲ್ಲಿ ಹಳೇ ಕಾರ್ ಓಡಿಸೋದು ಅಂದ್ರೆ ಕೈಯಾರೆ ಕಾರನ್ನ ಕರಗಿಸಿದ ಹಾಗೆ. ಒಟ್ಟಿನಲ್ಲಿ ಮಗು ಪ್ರೀತಿಯಿಂದ "ನನ್ನ ಮೊದಲನೇ ಕಾರು" ಅಂತ ಕರೀಲಿ, ಮನೇಲಿರೋ ಹಳೇ ಕರೋಲ ಮಾತ್ರ ಮಾರಬೇಡಿ.

ಯಾವ್ ಕಾರು?

ಹೆಸರು ಮಾಡಿದ ಕಾರುಗಳ ಕಡೆ, ಅಂದ್ರೆ 1969ರ ಕಮಾರೊ ಝಡ್/28, 1970ರ ಶೆವೆಲ್ ಎಸ್‌ಎಸ್ 454, ಹೆಮಿ ಎಂಜಿನ್ನಿನ ಚಾರ್ಜರ್, ಇವುಗಳ ಕಡೆ ತಿರುಗಿ ನೋಡೋದು ಬೇಡ. ಬೆಲೆ ಒಂದು ಕಡೆ ಇರ್ಲಿ, 450 ಹಾರ್ಸ್‌ಪವರ್ ಅಂತ ಕಂಪನಿನೇ ಬರ್ಕೊಂಡಿರೋ ಕಾರನ್ನ ಎಬಿಎಸ್ ಇಲ್ಲದೆ ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲದೆ ಮಳೇಲಿ ಹಿಡಿಯೋದು ಹೊಸಬರ ಕೈಲಿ ಆಗೋ ಕೆಲಸ ಅಲ್ಲ. ನನ್ನ ಕೇಳಿದ್ರೆ 1965-66ರ ಮಸ್ಟಾಂಗ್ ಕೂಪ್, 200 ಕ್ಯೂಬಿಕ್ ಇಂಚಿನ ಆರು ಸಿಲಿಂಡರಿಂದು. ಕಾರ್ ಶೋಗೆ ಹೋದ್ರೆ ಜನ ಮೂಗು ಮುರೀತಾರೆ, ಮುರೀಲಿ. ಬೇಕಾದಷ್ಟು ಪವರ್ ಇದೆ, ಬಾನೆಟ್ ಒಳಗೆ ಕೈ ಆಡಿಸೋಕೆ ಜಾಗ ಇದೆ, 1966ರ ಮಾರ್ಚ್‌ಗೇ ಹತ್ತು ಲಕ್ಷ ಮಸ್ಟಾಂಗ್ ಫ್ಯಾಕ್ಟರಿಯಿಂದ ಹೊರಗೆ ಬಂದಿತ್ತು, ಹಾಗಾಗಿ ಬಾಗಿಲ ರಬ್ಬರಿಂದ ಹಿಡಿದು ಪೂರ್ತಿ ಫ್ಲೋರ್ ಪ್ಯಾನ್ (ಕಾರಿನ ನೆಲದ ತಗಡು) ತನಕ ಎಲ್ಲಾ ಹೊಸದಾಗಿ ಮಾಡಿದ್ದು ಸಿಗತ್ತೆ. ಆಮೇಲೆ ವಿ8 ಹಾಕ್ತೀನಿ ಅಂತ ಮಾತ್ರ ಅಂದ್ಕೋಬೇಡಿ. ಆರು ಸಿಲಿಂಡರ್ ಕಾರಿಗೆ ಚಕ್ರಕ್ಕೆ ನಾಲ್ಕು ಬೋಲ್ಟು, ವಿ8 ಕಾರಿಗೆ ಐದು, ಅಂದ್ರೆ ಎಂಜಿನ್ ಒಂದೇ ಅಲ್ಲ, ಬ್ರೇಕು, ಹಿಂದಿನ ಆಕ್ಸಲ್ಲು, ಮುಂದಿನ ಸ್ಪ್ರಿಂಗು, ಸ್ಟಿಯರಿಂಗ್ ಲಿಂಕೇಜು ಎಲ್ಲಾ ಬದಲಾಯಿಸಬೇಕಾಗತ್ತೆ. ಯಾರಾದ್ರೂ ವಿ8 ಮಸ್ಟಾಂಗ್ ತೋರಿಸಿ ಚಕ್ರದಲ್ಲಿ ನಾಲ್ಕೇ ಬೋಲ್ಟ್ ಕಂಡ್ರೆ ಅರ್ಧ ಕೆಲಸ ಮಾಡಿ ಕೈ ಬಿಟ್ಟಿರೋ ಕಾರ್ ಅಂತ ತಿಳ್ಕೊಳ್ಳಿ.

ಮಸ್ಟಾಂಗ್ ಬೇಡ ಅಂದ್ರೆ ಡಾಜ್ ಡಾರ್ಟು, ಪ್ಲಿಮತ್ ಡಸ್ಟರ್ ನೋಡಿ, ಅದರಲ್ಲಿ ಬರೋ 225 ಸ್ಲಾಂಟ್ ಸಿಕ್ಸ್ ಎಂಜಿನ್ ಸಾಯಲ್ಲ ಅಂತ ಹೆಸರು ಮಾಡಿರೋದು, 1973ರಿಂದ ಎಲೆಕ್ಟ್ರಾನಿಕ್ ಇಗ್ನಿಷನ್ನೂ ಬಂದಿದೆ. ಎಂಟೇ ಸಿಲಿಂಡರ್ ಬೇಕು ಅಂತ ಹಟ ಇದ್ರೆ 350 ಎಂಜಿನ್ನಿನ ಶೆವಿ ನೋವಾ. ಮನಸ್ಸನ್ನ ಸ್ವಲ್ಪ ಸಡಿಲ ಮಾಡ್ಕೊಂಡ್ರೆ 1987-93ರ ಫಾಕ್ಸ್ ಬಾಡಿ ಮಸ್ಟಾಂಗ್ 5.0 ಇದೆ, ಫ್ಯೂಯಲ್ ಇಂಜೆಕ್ಷನ್, ಮುಂದೆ ಡಿಸ್ಕ್ ಬ್ರೇಕ್, ಭುಜದ ಬೆಲ್ಟು, 1990ರಿಂದ ಡ್ರೈವರ್ ಕಡೆ ಏರ್‌ಬ್ಯಾಗೂ ಇದೆ, ದಿನಾ ಓಡಿಸಲೇಬೇಕು ಅನ್ನೋರಿಗೆ ಇದೇ ಬುದ್ಧಿವಂತಿಕೆ. ಆದ್ರೆ ಕ್ರೋಮ್ ಬಂಪರ್ ಕನಸು ಕಂಡವರಿಗೆ ಅದು ರುಚಿಸಲ್ಲ, ಗೊತ್ತು.

ಬಜೆಟ್ಟನ್ನ ಎರಡು ಭಾಗ ಮಾಡಿ, ಅರ್ಧದಲ್ಲಿ ಕಾರ್ ತಗೊಳ್ಳಿ, ಇನ್ನರ್ಧ ಮುಟ್ಟಬೇಡಿ, ಮೊದಲ ವರ್ಷದಲ್ಲೇ ಅದು ಖಾಲಿ ಆಗತ್ತೆ. ಬೆಲೆ ಅಂದಾಜಿಗೆ ಹಳೇ ಕಾರುಗಳಿಗೆ ಇನ್ಶೂರೆನ್ಸ್ ಕೊಡೋ ಹ್ಯಾಗರ್ಟಿಯವರ ಆನ್‌ಲೈನ್ ವ್ಯಾಲ್ಯುಯೇಷನ್ ಟೂಲ್‌ನಲ್ಲಿ ನಾಲ್ಕನೇ ನಂಬರ್ ಕಂಡೀಷನ್ ನೋಡಿ, ಓಡ್ತಿದೆ ಆದ್ರೆ ಕೊರತೆ ಕಾಣತ್ತೆ ಅನ್ನೋ ಮಟ್ಟ ಅದು. ಮಾರೋರು ಕೇಳ್ತಿರೋ ಬೆಲೆ ನೋಡ್ಬೇಡಿ, ಹರಾಜಲ್ಲಿ ನಿಜವಾಗ್ಲೂ ಎಷ್ಟಕ್ಕೆ ಹೋಯ್ತು ಅಂತ ನೋಡಿ. ಇನ್ನೊಂದು, ರಿಪೇರಿಗಿರೋ ಕಾರ್ ಬೇಕು ಅಂದ್ರೂ ತನ್ನ ಕಾಲ ಮೇಲೆ ತಾನು ಓಡಿ ನಿಲ್ಲೋ ಕಾರನ್ನೇ ತಗೊಳ್ಳಿ. ಬಿಚ್ಚಿ ಡಬ್ಬಗಳಲ್ಲಿ ತುಂಬಿಟ್ಟಿರೋ ಕಾರ್ ಅಗ್ಗಕ್ಕೆ ಸಿಗತ್ತೆ, ಆದ್ರೆ ಯಾವ ಡಬ್ಬದಲ್ಲಿ ಏನಿಲ್ಲ ಅಂತ ಗೊತ್ತಾಗೋ ಹೊತ್ತಿಗೆ ಮಗ ಕಾಲೇಜ್ ಮುಗಿಸಿರ್ತಾನೆ.

ಈಗ ತುಕ್ಕು

ಜೊತೆಗೆ ತಗೊಂಡು ಹೋಗಬೇಕಾದ್ದು: ಒಳ್ಳೇ ಟಾರ್ಚು, ಹಳೇ ಬಟ್ಟೆ, ನೆಲದ ಮೇಲೆ ಹಾಸ್ಕೊಂಡು ಮಲಗೋಕೆ ರಟ್ಟು, ಚೂಪಾದ ಸ್ಕ್ರೂಡ್ರೈವರು, ಫ್ರಿಜ್ಜಿಗೆ ಅಂಟಿಸೋ ಮ್ಯಾಗ್ನೆಟ್ಟು. ಮ್ಯಾಗ್ನೆಟ್‌ಗೆ ತೆಳು ಬಟ್ಟೆ ಸುತ್ತಿ ಪೇಂಟ್ ಗೀರದ ಹಾಗೆ ಚಕ್ರದ ಕಮಾನಿನ ಸುತ್ತ, ಬಾಗಿಲಿನ ಕೆಳ ಅಂಚು, ಹಿಂದಿನ ಚಕ್ರದ ಸುತ್ತ ಇರೋ ಕ್ವಾರ್ಟರ್ ಪ್ಯಾನಲ್ಲಿನ ಕೆಳಭಾಗದಲ್ಲಿ ಇಟ್ಟು ನೋಡಿ. ಅಂಟಿದ್ರೆ ತಗಡು, ಜಾರಿ ಬಿದ್ರೆ ಪುಟ್ಟಿ. ಅಲ್ಲಲ್ಲಿ ತೆಳುವಾಗಿ ಪುಟ್ಟಿ ಇದ್ರೆ ಪರವಾಗಿಲ್ಲ, ಐವತ್ತು ವರ್ಷದಲ್ಲಿ ಯಾರೋ ಎಲ್ಲೋ ಗುದ್ದಿರ್ತಾರೆ. ಆದ್ರೆ ಕೆಳಗಿನ ಆರಿಂಚು ಪೂರ್ತಿ ಅಂಟ್ತಾ ಇಲ್ಲ, ಮೇಲೆ ಫಳಫಳ ಹೊಸ ಕೆಂಪು ಪೇಂಟ್ ಹೊಡೆದಿದ್ದಾರೆ ಅಂದ್ರೆ ಮೇಲೆ ಬಸಪ್ಪ ಒಳಗೆ ವಿಷಪ್ಪ, ಥ್ಯಾಂಕ್ಯೂ ಹೇಳಿ ಹೊರಡಿ. ಹೊಸ ಪೇಂಟಿನ ಕಾರಿಗಿಂತ ಹಳೇ ಪೇಂಟು ಬಿಸಿಲಿಗೆ ಮಾಸಿ ಅಲ್ಲಲ್ಲಿ ತಗಡು ಕಾಣ್ತಿರೋ ಕಾರನ್ನ ನಾನು ಹೆಚ್ಚು ನಂಬ್ತೀನಿ, ಅದು ಏನನ್ನೂ ಮುಚ್ಚಿಡ್ತಿಲ್ಲ.

ಆಮೇಲೆ ಮುಖ್ಯವಾದ್ದು, ಕಾರ್ಪೆಟ್ ಎತ್ತಿ. ಮಾಲೀಕರ ಪರ್ಮಿಷನ್ ಕೇಳಿ ಡ್ರೈವರ್ ಕಡೆದೂ ಪ್ಯಾಸೆಂಜರ್ ಕಡೆದೂ ಮೂಲೆ ಹಿಡಿದು ಎತ್ತಿ, ಕೆಳಗೆ ನೋಡಿ, ಕೈಯಿಂದ ಮುಟ್ಟಿ. ಹಳೇ ಮಸ್ಟಾಂಗ್‌ಗಳಲ್ಲಿ ಮುಂದಿನ ಗಾಜಿನ ಕೆಳಗೆ ಗಾಳಿ ಒಳಗೆ ಬರೋಕೆ ಅಂತ ಜಾಲರಿ ಇರೋ ಕೌಲ್ ಅನ್ನೋ ಭಾಗ ಇದೆ, ಮಳೆ ನೀರು ಅಲ್ಲಿ ಇಳಿದು ಪಕ್ಕಕ್ಕೆ ಹರಿದು ಹೋಗ್ಬೇಕು, ಆದ್ರೆ ಒಳಗೆ ಎಲೆ ಮಣ್ಣು ತುಂಬಿ ತೇವ ನಿಂತು ತುಕ್ಕು ಹಿಡಿದು ತೂತಾಗತ್ತೆ, ಆ ನೀರು ನೇರವಾಗಿ ಕಾಲಿಡೋ ಜಾಗಕ್ಕೆ ಬಂದು ಫ್ಲೋರನ್ನೂ ತಿಂದು ಹಾಕತ್ತೆ. ಹೊರಗಿಂದ ಇದು ಕಾಣೋದೇ ಇಲ್ಲ. ಪರೀಕ್ಷೆ ಸುಲಭ, ಒಂದು ಕ್ಯಾನ್ ನೀರು ಆ ಜಾಲರಿ ಒಳಗೆ ನಿಧಾನಕ್ಕೆ ಸುರೀರಿ, ಇನ್ನೊಬ್ಬರು ಒಳಗೆ ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಬಿಟ್ಟು ನೋಡ್ಲಿ. ಹನಿ ಕಂಡ್ರೆ ಕೌಲ್ ಹೋಗಿದೆ. ಅದನ್ನ ಸರಿ ಮಾಡೋಕೆ ಫೆಂಡರ್ ಬಿಚ್ಚಿ, ಸಾಲು ಸಾಲು ಸ್ಪಾಟ್ ವೆಲ್ಡ್ ಡ್ರಿಲ್ ಮಾಡಿ ಮೇಲಿನ ತಗಡು ಎತ್ತಿ ಮತ್ತೆ ವೆಲ್ಡ್ ಮಾಡಬೇಕು. ಬಾಡಿ ಶಾಪಿಗೆ ಕೊಟ್ರೆ ತಗಡಿನ ಬೆಲೆಗಿಂತ ಕೂಲಿನೇ ಹತ್ತು ಪಟ್ಟಾಗತ್ತೆ. ಫ್ಲೋರ್ ಒಂದೇ ಹೋಗಿದ್ರೆ ಅಷ್ಟು ಭಯ ಬೇಡ, ಹೊಸ ಫ್ಲೋರ್ ಪ್ಯಾನ್ ಕೆಲವು ನೂರು ಡಾಲರಿಗೆ ಸಿಗತ್ತೆ, ವೆಲ್ಡಿಂಗ್ ಕಲಿಯೋಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ, ಕೊಳಕಾಗಿ ಮಾಡಿದ್ರೂ ಕಾರ್ಪೆಟ್ ಮುಚ್ಕೊಳತ್ತೆ.

ಇನ್ನು ರಟ್ಟು ಹಾಸಿ ಕೆಳಗೆ ಮಲಗಿ. ಜ್ಯಾಕ್ ಮೇಲೆ ಮಾತ್ರ ನಿಂತಿರೋ ಕಾರಿನ ಕೆಳಗೆ ಯಾವತ್ತೂ ಹೋಗ್ಬೇಡಿ, ಜ್ಯಾಕ್ ಸ್ಟ್ಯಾಂಡ್ ಇಲ್ಲದಿದ್ರೆ ಚಕ್ರ ನೆಲದ ಮೇಲಿದ್ದಾಗಲೇ ಎಷ್ಟು ಕಾಣತ್ತೋ ಅಷ್ಟು ನೋಡಿ. ಮಸ್ಟಾಂಗ್‌ಗೆ ಬೇರೆ ಚಾಸಿ ಅಂತ ಇಲ್ಲ, ಬಾಡಿನೇ ಚಾಸಿ, ಹಾಗಾಗಿ ಮುಂದೆ ಹಿಂದೆ ಉದ್ದಕ್ಕೆ ಬರೋ ಫ್ರೇಮ್ ರೇಲ್ ಮತ್ತೆ ಅದು ಬಾಗಿಲ ಕೆಳಗಿನ ರಾಕರ್‌ಗೆ ಸೇರೋ ಟಾರ್ಕ್ ಬಾಕ್ಸ್ ಗಟ್ಟಿ ಇದ್ರೆ ಕಾರ್ ಇದೆ, ಇಲ್ಲದಿದ್ರೆ ಇಲ್ಲ. ಮಾಲೀಕರು ಒಪ್ಪಿದ್ರೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ, ಒಳಗೆ ಹೋದ್ರೆ ಅಲ್ಲಿಗೆ ಮಾತು ಮುಗೀತು. ದಪ್ಪಗೆ ಕರೀ ಅಂಡರ್‌ಕೋಟಿಂಗ್ ಹೊಸದಾಗಿ ಬಳಿದಿದ್ರೆ ಇನ್ನೂ ಹುಷಾರು. ಬಾಗಿಲು ತೆಗೆದು ಹಾಕಿ ನೋಡಿ, ತೆಗೆದಾಗ ಕೆಳಗೆ ಇಳಿದು, ಹಾಕುವಾಗ ಎತ್ತಿ ಹಾಕ್ಬೇಕು ಅಂದ್ರೆ ಹಿಂಜ್ ಸವೆದಿರಬಹುದು, ಆದ್ರೆ ಬಾಗಿಲಿನ ಹಿಂದಿನ ಸಂದು ಮೇಲೆ ಕಿರಿದು ಕೆಳಗೆ ಅಗಲ ಅಂತಿದ್ರೆ ಬಾಡಿನೇ ಜಗ್ಗಿರಬಹುದು.

ಬೇರೆ ಕಾರುಗಳಲ್ಲಿ ತುಕ್ಕು ಕೂರೋ ಜಾಗ ಬೇರೆ. ಮೊದಲ ತಲೆಮಾರಿನ ಕಮಾರೊಗೆ ಮುಂದೆ ಒಂದು ಸಬ್‌ಫ್ರೇಮ್ ಇದ್ದು ರಬ್ಬರ್ ಬುಶ್ ಹಾಕಿ ಬಾಡಿಗೆ ಬೋಲ್ಟ್ ಮಾಡಿರ್ತಾರೆ, ಆ ಬೋಲ್ಟಿನ ಸುತ್ತ ನೋಡಿ. ವಿನೈಲ್ ಟಾಪ್ ಇರೋ ಯಾವ ಕಾರೇ ಆಗ್ಲಿ ಹಿಂದಿನ ಗಾಜಿನ ಸುತ್ತ ಬೆರಳಲ್ಲಿ ಒತ್ತಿ, ವಿನೈಲ್ ಕೆಳಗೆ ಗುಳ್ಳೆ ಗುಳ್ಳೆ ಸಿಕ್ರೆ ಅದು ತುಕ್ಕು, ಅಲ್ಲಿಂದ ನೀರು ಡಿಕ್ಕಿಗೆ ಇಳಿದಿರತ್ತೆ. ಡಾರ್ಟ್ ಡಸ್ಟರ್‌ಗಳಲ್ಲಿ ಮುಂದಿನ ಸಸ್ಪೆನ್ಷನ್ ಟಾರ್ಷನ್ ಬಾರ್ ಮೇಲೆ ನಿಂತಿರೋದು, ಅದರ ಹಿಂದಿನ ತುದಿ ಹಿಡಿದಿರೋ ಕ್ರಾಸ್‌ಮೆಂಬರ್ ಕೊಳೆತಿದ್ರೆ ಓಡಿಸೋಕೂ ಹೋಗ್ಬೇಡಿ. ಇಷ್ಟೆಲ್ಲಾ ತಲೆನೋವೇ ಬೇಡ ಅಂದ್ರೆ ಅರಿಝೋನಾ, ನ್ಯೂ ಮೆಕ್ಸಿಕೊ ಕಡೆಯ ಕಾರ್ ಹುಡುಕಿ, ಸೀಟು ಡ್ಯಾಶ್‌ಬೋರ್ಡು ಬಿಸಿಲಿಗೆ ಬಿರುಕು ಬಿಟ್ಟಿರತ್ತೆ, ತಗಡು ಮಾತ್ರ ಗಟ್ಟಿ. ಟ್ರಕ್ಕಲ್ಲಿ ತರ್ಸೋ ಖರ್ಚು ಸೇರಿದ್ರೂ ಇಲ್ಲಿನ ಕೊಳೆತ ಕಾರಿಗಿಂತ ಅಗ್ಗ ಆಗತ್ತೆ.

ಎಂಜಿನ್ನು

ಹೋಗೋ ಮುಂಚೆ "ನಾನು ಬರೋ ತನಕ ಸ್ಟಾರ್ಟ್ ಮಾಡ್ಬೇಡಿ" ಅಂತ ಹೇಳಿ, ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ರೆ ಏನೋ ಮುಚ್ಚಿಡ್ತಿದ್ದಾರೆ, ತಣ್ಣಗಿರೋ ಎಂಜಿನ್ ಸ್ಟಾರ್ಟ್ ಆಗೋಕೆ ಒದ್ದಾಡತ್ತೋ ಅಥವಾ ಶುರುವಲ್ಲಿ ಹೊಗೆ ಕಾರತ್ತೋ. ನೀಲಿ ಹೊಗೆ ಬಂದ್ರೆ ಆಯಿಲ್ ಉರೀತಿದೆ, ಬಿಳಿ ಹೊಗೆ ನಿಲ್ಲದೆ ಬಂದು ಸಿಹಿ ವಾಸನೆ ಬಂದ್ರೆ ಕೂಲೆಂಟ್, ಕರೀ ಹೊಗೆ ಆದ್ರೆ ಕಾರ್ಬುರೇಟರ್ ಪೆಟ್ರೋಲ್ ಜಾಸ್ತಿ ಕೊಡ್ತಿದೆ ಅಷ್ಟೇ, ಇದು ಸಣ್ಣದು. ಡಿಪ್‌ಸ್ಟಿಕ್ ಎಳೆದು ನೋಡಿ, ಆಯಿಲ್ ಹಾಲು ಹಾಕಿದ ಕಾಫಿ ಬಣ್ಣ ಇದ್ರೆ ನೀರು ಸೇರಿದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಕೆಂಪಗಿರಬೇಕು, ಕಂದು ಬಣ್ಣಕ್ಕೆ ತಿರುಗಿ ಸೀದ ವಾಸನೆ ಬಂದ್ರೆ ರಿಬಿಲ್ಡ್ ಖರ್ಚು ಲೆಕ್ಕ ಹಾಕಿ. ಕಂಪ್ರೆಷನ್ ಗೇಜ್ ಇದ್ರೆ ಎಲ್ಲಾ ಪ್ಲಗ್ ಬಿಚ್ಚಿ ಅಳತೆ ತಗೊಳ್ಳಿ, ನಂಬರ್ ಎಷ್ಟು ಅನ್ನೋದಕ್ಕಿಂತ ಎಲ್ಲಾ ಸಿಲಿಂಡರ್ ಹತ್ತಿರ ಹತ್ತಿರ ಇದ್ಯಾ ಅನ್ನೋದು ಮುಖ್ಯ. ಓಡದೇ ಇರೋ ಕಾರಾದ್ರೆ ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಪಾನಾ ಹಾಕಿ ಕೈಯಿಂದ ತಿರುಗಿಸಿ ನೋಡಿ, ತಿರುಗದಿದ್ರೆ ಎಂಜಿನ್ನೇ ಇಲ್ಲದ ಕಾರ್ ಅಂತ ಬೆಲೆ ಕಟ್ಟಿ.

ಇದರಲ್ಲಿ ಏನು ಹೋಗಿದ್ರೂ ನಾನು ಅಷ್ಟು ತಲೆ ಕೆಡಿಸ್ಕೊಳ್ಳಲ್ಲ. ಶೆವಿ 350 ಅಥವಾ ಫೋರ್ಡ್ 302 ರಿಬಿಲ್ಡ್ ಮಾಡಿದ್ದು ಕೆಲವು ಸಾವಿರ ಡಾಲರಿಗೆ ಮನೆ ಬಾಗಿಲಿಗೆ ಬರತ್ತೆ, ಎಂಜಿನ್ ಹಾಯಿಸ್ಟ್ ಬಾಡಿಗೆಗೆ ಸಿಗತ್ತೆ, ಒಂದು ವಾರಾಂತ್ಯ ಮೂರು ಜನ ಸೇರಿದ್ರೆ ಇಳಿಸಿ ಹಾಕಬಹುದು. ಕೊಳೆತ ಫ್ರೇಮ್ ರೇಲ್‌ಗೆ ಇಂಥಾ ದಾರಿ ಇಲ್ಲ.

ಪೇಪರ್ರು, ವಿನ್ ನಂಬರು

ವಿನ್ ಅಂದ್ರೆ ಪ್ರತಿ ಕಾರಿಗೂ ಕಂಪನಿ ಕೊಡೋ ಗುರುತಿನ ನಂಬರು. ಆ ನಂಬರಿಂದ ಕಾರಿನ ಹಿಂದಿನ ಕಥೆ ತೋರಿಸೋ ಕಾರ್‌ಫ್ಯಾಕ್ಸ್ ಇಲ್ಲಿ ಕೆಲಸಕ್ಕೆ ಬರಲ್ಲ, 17 ಅಕ್ಷರದ ವಿನ್ ಬಂದಿದ್ದೇ 1981ರಲ್ಲಿ. ಅದಕ್ಕೂ ಹಿಂದಿನ ಕಾರಿಗೆ ಕಂಪನಿಗೊಂದು ಪದ್ಧತಿ. 1965ರ ಮಸ್ಟಾಂಗ್ ವಿನ್ 5ಎಫ್07ಸಿ ಅಂತ ಶುರುವಾದ್ರೆ 5 ಅಂದ್ರೆ 1965, ಎಫ್ ಅಂದ್ರೆ ಡಿಯರ್‌ಬಾರ್ನ್ ಫ್ಯಾಕ್ಟರಿ, 07 ಕೂಪ್, ಸಿ ಅಂದ್ರೆ 289 ವಿ8 ಎರಡು ಬ್ಯಾರೆಲ್ ಕಾರ್ಬುರೇಟರ್. ಸಿ ಜಾಗದಲ್ಲಿ ಟಿ ಇದ್ರೆ ಆರು ಸಿಲಿಂಡರು, ಕೆ ಇದ್ರೆ 271 ಹಾರ್ಸ್‌ಪವರಿನ ದುಬಾರಿ ಎಂಜಿನ್ನು. ಬಾಗಿಲ ಮೇಲಿನ ಪ್ಲೇಟ್ ನಂಬ್ಕೋಬೇಡಿ, ಬಾಗಿಲು ಬದಲಾಯಿಸೋಕೆ ಎಷ್ಟೊತ್ತು, ಬಾನೆಟ್ ಎತ್ತಿ ಡ್ರೈವರ್ ಕಡೆ ಫೆಂಡರ್ ಒಳಗಿನ ತಗಡಿನ ಮೇಲೆ ಕೊರೆದಿರೋ ನಂಬರೇ ಅಸಲಿ. ಕಮಾರೊದಲ್ಲಿ 123 ಅಂತ ಶುರುವಾದ್ರೆ ಆರು ಸಿಲಿಂಡರಾಗಿ ಹುಟ್ಟಿದ್ದು, 124 ಆದ್ರೆ ವಿ8. ಅದರ ವಿನ್ ಪ್ಲೇಟಿಗೆ ಹೂವಿನ ಆಕಾರದ ರಿವೆಟ್ ಹೊಡೆದಿರ್ತಾರೆ, ಮಾಮೂಲಿ ಪಾಪ್ ರಿವೆಟ್ ಕಂಡ್ರೆ ಯಾಕೆ ಅಂತ ಕೇಳಿ.

ಜಿಟಿಒ ಕಥೆ ಮಜಾ ಇದೆ. ಮಧ್ಯಮ ಸೈಜಿನ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕೋ ಹಾಗಿಲ್ಲ ಅಂತ ಜನರಲ್ ಮೋಟಾರ್ಸ್‌ನಲ್ಲಿ ರೂಲ್ ಇತ್ತು, ಪಾಂಟಿಯಾಕ್‌ನವರು ಅದನ್ನ ಬೇರೆ ಮಾಡೆಲ್ ಅನ್ನದೆ ಒಂದು ಆಪ್ಷನ್ ಪ್ಯಾಕೇಜ್ ಅಂತ ಹೇಳಿ ದಾಟಿಸಿದ್ರು. ಹಂಗಾಗಿ 1964, 65ರ ಕಾರಿನ ವಿನ್ ನೋಡಿದ್ರೆ ಜಿಟಿಒ ಹೌದೋ ಅಲ್ವೋ ಗೊತ್ತಾಗೋದೇ ಇಲ್ಲ, 1966ರಿಂದ 242 ಅಂತ ಬರತ್ತೆ. ಆ ಹಳೇವು ತಗೊಳ್ಳೋರು ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್‌ನಿಂದ ಬಿಲ್ಡ್ ದಾಖಲೆ ತರಿಸಿಕೊಂಡೇ ತಗೋಬೇಕು. 1969ರಿಂದ ಶೆವೆಲ್ ಎಸ್‌ಎಸ್‌ದೂ ಇದೇ ಗೋಳು, ಬ್ಯಾಡ್ಜ್ ಹತ್ತಾರು ಡಾಲರಿಗೆ ಸಿಗತ್ತೆ, ಯಾರು ಬೇಕಾದ್ರೂ ಅಂಟಿಸಬಹುದು. ಮೊದಲ ಕಾರಿಗೆ ಅಸಲಿ ಎಸ್‌ಎಸ್ ಬೇಕಿಲ್ಲ, ಬ್ಯಾಡ್ಜಿಗೆ ಅಂತ ಜಾಸ್ತಿ ದುಡ್ಡು ಕೊಡ್ಬೇಡಿ ಅಷ್ಟೇ.

ಟೈಟಲ್, ಅಂದ್ರೆ ಕಾರಿನ ಮಾಲೀಕತ್ವದ ಪತ್ರ, ಮಾರೋರ ಹೆಸರಲ್ಲೇ ಇರ್ಬೇಕು, ಅದರಲ್ಲಿರೋ ನಂಬರೂ ಕಾರಿನ ನಂಬರೂ ಒಂದೊಂದು ಅಕ್ಷರ ಹೊಂದಬೇಕು. "ನಮ್ಮ ಫ್ರೆಂಡ್ ಹೆಸರಲ್ಲಿದೆ, ಅವನೇ ಸೈನ್ ಮಾಡಿಟ್ಟಿದ್ದಾನೆ" ಅಂದ್ರೆ ಬೇಡವೇ ಬೇಡ. ಮಿಶಿಗನ್‌ನಲ್ಲಿ ಇಬ್ಬರೂ ಒಟ್ಟಿಗೆ ಗಾಡಿ ರಿಜಿಸ್ಟ್ರೇಷನ್ ಮಾಡೋ ಸೆಕ್ರೆಟರಿ ಆಫ್ ಸ್ಟೇಟ್ ಆಫೀಸಿಗೆ ಹೋಗಿ ಟ್ರಾನ್ಸ್‌ಫರ್ ಮಾಡ್ಕೊಳ್ಳೋದು ಒಳ್ಳೇದು, ಶೇಕಡಾ 6 ಟ್ಯಾಕ್ಸ್ ಕಟ್ಟಬೇಕು, ಟ್ರಾನ್ಸ್‌ಫರ್‌ಗೆ 15 ದಿನ ಟೈಮು. ನಂಬರ್ ಪ್ಲೇಟ್ ಮಾರಿದವರ ಹತ್ರನೇ ಉಳಿಯತ್ತೆ, ಅದನ್ನೇ ಹಾಕ್ಕೊಂಡು ಓಡಿಸ್ಕೊಂಡು ಬರೋ ಹಾಗಿಲ್ಲ.

ಮಾರೋರ ಮಾತು

"ನಿಲ್ಲಿಸಿದಾಗ ಚೆನ್ನಾಗೇ ಓಡ್ತಿತ್ತು" ಅಂತ ಎಲ್ಲಾ ಜಾಹೀರಾತಲ್ಲೂ ಇರತ್ತೆ. ಓಡ್ತಿದ್ದ ಕಾರನ್ನ ಯಾಕಪ್ಪಾ ಹದಿನೈದು ವರ್ಷ ಕೊಟ್ಟಿಗೆಲಿ ನಿಲ್ಲಿಸಿದೆ ಅಂತ ಕೇಳಿದ್ರೆ ಉತ್ತರ ಬರಲ್ಲ. "ಬರೀ ಕಾರ್ಬುರೇಟರ್ ಟ್ಯೂನ್ ಮಾಡಿದ್ರೆ ಆಯ್ತು" ಅನ್ನೋರು ತಾವೇ ಯಾಕೆ ಮಾಡಿಲ್ಲ? ಚೌಕಾಸಿ ಮಾಡೋಕೆ ನಮ್ಮೋರಿಗೆ ಹೇಳ್ಕೊಡಬೇಕಿಲ್ಲ, ಆದ್ರೆ ಇಲ್ಲಿ ಬಾಯಿ ಮಾತಿಗಿಂತ ಪಟ್ಟಿ ಕೆಲಸ ಮಾಡತ್ತೆ. ಟೈರು ಹಳೇದು, ಬ್ರೇಕ್ ಹೋಸ್ ಬಿರುಕು, ಫ್ಲೋರ್ ಪ್ಯಾನ್ ಎರಡು ಹೀಗೆ ಕಂಡದ್ದೆಲ್ಲಾ ಬರ್ಕೊಂಡು ಎದುರಿಗೆ ಪಾರ್ಟ್ಸ್ ಬೆಲೆ ಹಾಕಿ ಅವರ ಮುಂದೆ ಇಟ್ಟು ಇಷ್ಟಕ್ಕೆ ಕೊಡ್ತೀರಾ ಅಂತ ಕೇಳಿ. ಟೈರಿನ ಪಕ್ಕದಲ್ಲಿ ಡಾಟ್ ಕೋಡ್ ಕೊನೇಲಿ ನಾಲ್ಕು ಅಂಕಿ ಇರತ್ತೆ, 2314 ಅಂದ್ರೆ 2014ರ 23ನೇ ವಾರ ತಯಾರಾಗಿದ್ದು. ಹತ್ತು ವರ್ಷ ದಾಟಿದ್ರೆ ಬಟನ್ ಎಷ್ಟೇ ಇದ್ರೂ ಬಿಸಾಕೋದೇ. ಮಗನ್ನ ಜೊತೆಗೆ ಕರ್ಕೊಂಡು ಹೋಗಿ, ಆದ್ರೆ ಮುಖದಲ್ಲಿ ಆಸೆ ತೋರಿಸಬೇಡ ಅಂತ ಕಾರಲ್ಲೇ ಹೇಳಿ ಕರ್ಕೊಂಡು ಹೋಗಿ.

ದುಡ್ಡು ಕೊಟ್ಟು ಆದ್ಮೇಲೆ ಓಡಿಸ್ಕೊಂಡು ಬರ್ಬೇಡಿ, ಗೊತ್ತಿಲ್ಲದ ಬ್ರೇಕು ಗೊತ್ತಿಲ್ಲದ ಟೈರು. ನಾಲ್ಕೂ ಚಕ್ರ ಮೇಲೇರೋ ಟ್ರೇಲರ್ ಬಾಡಿಗೆ ತಗೊಳ್ಳಿ. ಮುಂದಿನ ಚಕ್ರ ಮಾತ್ರ ಎತ್ತೋ ಡಾಲಿಲಿ ತಂದ್ರೆ ಹಿಂದಿನ ಚಕ್ರ ತಿರುಗ್ತಾ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಇಲ್ಲದೆ ಸುಟ್ಟು ಹೋಗತ್ತೆ, ಡಾಲಿನೇ ಗತಿ ಅಂದ್ರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ತನ್ನಿ.

ಮನೆಗೆ ಬಂದ್ಮೇಲೆ ಯಾವುದು ಮೊದಲು

ಬ್ರೇಕು. ಪೇಂಟ್ ಅಲ್ಲ, ಕ್ರೋಮ್ ಅಲ್ಲ, ಸೈಲೆನ್ಸರ್ ಅಂತೂ ಅಲ್ವೇ ಅಲ್ಲ. 1966ರ ತನಕದ ಮಸ್ಟಾಂಗ್‌ಗಳಲ್ಲಿ ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದು, ಎಲ್ಲೋ ಒಂದು ಪೈಪ್ ಒಡೆದ್ರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗತ್ತೆ. 1967ರಿಂದ ಎರಡು ಕೋಣೆಯದು ಬಂತು. ಹಳೇ ಕಾರಿಗೂ ಎರಡು ಕೋಣೆಯದನ್ನ ಹಾಕಿ, ರಬ್ಬರ್ ಹೋಸ್ ಮೂರೂ ಹೊಸದು, ವೀಲ್ ಸಿಲಿಂಡರ್ ಹೊಸದು, ದುಡ್ಡಿದ್ರೆ ಮುಂದಕ್ಕೆ ಡಿಸ್ಕ್ ಕಿಟ್ಟು. ಆಮೇಲೆ ಬೆಲ್ಟು. ಅಮೆರಿಕದಲ್ಲಿ ಕಾರಿಗೆ ಮುಂದಿನ ಸೀಟಿನಲ್ಲಿ ಭುಜದ ಬೆಲ್ಟ್ ಕಡ್ಡಾಯ ಆಗಿದ್ದು 1968ರ ಜನವರಿ 1ರಿಂದ, ತಲೆ ಹಿಂದಿನ ಹೆಡ್‌ರೆಸ್ಟ್ 1969ರ ಜನವರಿಯಿಂದ. ಅದಕ್ಕೂ ಹಿಂದಿನ ಕಾರಲ್ಲಿ ಸಾಮಾನ್ಯವಾಗಿ ಸೊಂಟದ ಪಟ್ಟಿ ಮಾತ್ರ, 1966ರ ತನಕದ ಮಸ್ಟಾಂಗ್‌ಗಳಲ್ಲಿ ಸ್ಟಿಯರಿಂಗ್ ಕಂಬವೂ ಗುದ್ದಿದ್ರೆ ಮಡಚಿಕೊಳ್ಳೋದಿಲ್ಲ, ನೇರ ಎದೆಗೆ ಬರತ್ತೆ. ಮೂರು ಪಾಯಿಂಟ್ ಬೆಲ್ಟ್ ಕಿಟ್ ಸಿಗತ್ತೆ, ಆದ್ರೆ ಬೋಲ್ಟ್ ಕೂರೋ ಕಡೆ ತಗಡಿಗೆ ಪ್ಲೇಟ್ ಕೊಟ್ಟು ಗಟ್ಟಿ ಮಾಡಿಯೇ ಹಾಕಬೇಕು, ಇದೊಂದನ್ನ ಗೊತ್ತಿರೋರ ಕೈಲಿ ಮಾಡಿಸಿ. ಮಸ್ಟಾಂಗ್‌ನಲ್ಲಿ ಇನ್ನೊಂದು ಅಪಾಯ ಇದೆ, ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ, ಹಿಂದಿಂದ ಯಾರಾದ್ರೂ ಗುದ್ದಿದ್ರೆ ಪೆಟ್ರೋಲಿಗೂ ಹಿಂದಿನ ಸೀಟಿಗೂ ಮಧ್ಯೆ ಇರೋದು ಬರೀ ರಟ್ಟು ಬಟ್ಟೆ. ಹಿಂದಿನ ಸೀಟಿನ ಬೆನ್ನಿಗೆ ಉಕ್ಕಿನ ತಡೆ ತಗಡು ಸಿಗತ್ತೆ, ಹಾಕಿಸಿ. ಇಷ್ಟು ಆಗೋ ತನಕ ಬೀಗದ ಕೈ ಅಪ್ಪ ಅಮ್ಮನ ಹತ್ರನೇ ಇರ್ಲಿ.

ಮೂರನೇದು ಪೆಟ್ರೋಲ್ ದಾರಿ. ಈಗ ಬಂಕಲ್ಲಿ ಸಿಗೋ ಪೆಟ್ರೋಲಲ್ಲಿ ಶೇಕಡಾ 10 ಎಥನಾಲ್ ಇರತ್ತೆ, ಹಳೇ ರಬ್ಬರ್ ಪೈಪನ್ನ ಅದು ಒಳಗಿಂದ ಮೆತ್ತಗೆ ಮಾಡಿ ಸೋರಿಸತ್ತೆ, ಬಿಸಿ ಎಂಜಿನ್ ಮೇಲೆ ಸೋರಿದ್ರೆ ಬೆಂಕಿ. ಎಲ್ಲಾ ಪೈಪನ್ನೂ ಎಥನಾಲ್ ತಡೆಯೋ ಹೊಸ ಹೋಸ್‌ಗೆ ಬದಲಾಯಿಸಿ, ಟ್ಯಾಂಕ್ ಇಳಿಸಿ ತೊಳೀರಿ, ಒಂದು ಬೆಂಕಿ ಆರಿಸೋ ಸಿಲಿಂಡರ್ ಕಾರಲ್ಲೇ ಇಡಿ. ಆಮೇಲೆ ರೇಡಿಯೇಟರ್ ಹೋಸು, ಥರ್ಮೋಸ್ಟ್ಯಾಟು, ಬೆಲ್ಟುಗಳು. ಆಯಿಲ್ ಹಾಕುವಾಗ ಝಿಂಕ್ ಜಾಸ್ತಿ ಇರೋದು ಕೇಳಿ ತಗೊಳ್ಳಿ, ಈ ಎಂಜಿನ್‌ಗಳಲ್ಲಿ ವಾಲ್ವ್ ಆಡಿಸೋ ಕ್ಯಾಮ್ ಸವೆಯದೇ ಇರೋಕೆ ಅದು ಬೇಕು.

ಟೂಲ್ಸ್ ಬಗ್ಗೆ ಒಂದು ಮಾತು, ಊರಿಂದ ತಂದ ಮಿಲಿಮೀಟರ್ ರಿಂಗ್ ಸ್ಪ್ಯಾನರ್ ಸೆಟ್ ಇದ್ರೆ ಪಕ್ಕಕ್ಕಿಡಿ. ಈ ಕಾರುಗಳಲ್ಲಿ ಎಲ್ಲಾ ಇಂಚಿನ ಅಳತೆ, 1/2, 9/16, 5/8. 13ರ ಪಾನಾ 1/2 ಇಂಚಿನ ಬೋಲ್ಟಿಗೆ ಹಿಡಿದ ಹಾಗೇ ಅನಿಸತ್ತೆ, ಆದ್ರೆ ಸಡಿಲ ಇರತ್ತೆ, ತುಕ್ಕು ಹಿಡಿದ ಬೋಲ್ಟಿನ ತಲೆ ಉರುಟಾಗಿ ಕೂತ್ರೆ ಅರ್ಧ ದಿನ ಹಾಳು. ಇಂಚಿನ ಸಾಕೆಟ್ ಸೆಟ್ಟು, ಫೀಲರ್ ಗೇಜು, ಟೈಮಿಂಗ್ ಲೈಟು, ಎರಡು ಜೊತೆ ಜ್ಯಾಕ್ ಸ್ಟ್ಯಾಂಡು, ಆ ವರ್ಷದ ಕಾರಿನ ಫ್ಯಾಕ್ಟರಿ ಶಾಪ್ ಮ್ಯಾನ್ಯುಯಲ್, ಇಷ್ಟಿದ್ರೆ ಶುರು ಮಾಡಬಹುದು. ಹಳೇ ಇಗ್ನಿಷನ್ನಿನ ಪಾಯಿಂಟ್ಸ್ ಕಂಡೆನ್ಸರ್ ಹೊಂದಿಸೋದು ಮಗನಿಗೋ ಮಗಳಿಗೋ ಒಂದು ಸಲ ಕಲಿಸಿ, ಆಮೇಲೆ ಬೇಕಾದ್ರೆ ಎಲೆಕ್ಟ್ರಾನಿಕ್ ಕಿಟ್ ಹಾಕಿ. ಒಂದು ಸಲಕ್ಕೆ ಒಂದೇ ಭಾಗ ಬಿಚ್ಚಿ, ಅದು ಮುಗಿದು ಕಾರ್ ಮತ್ತೆ ಓಡಿದ ಮೇಲೆ ಮುಂದಿನದು. ಎಲ್ಲಾ ಒಟ್ಟಿಗೆ ಬಿಚ್ಚಿದೋರ ಕಾರುಗಳೇ ಮಾರ್ಕೆಟ್‌ಪ್ಲೇಸಲ್ಲಿ ಡಬ್ಬದ ಸಮೇತ ಮಾರಾಟಕ್ಕೆ ಬರೋದು.

ಮೊದಲ ಸಲ ರೋಡಿಗೆ ತೆಗೆದಾಗ ಖಾಲಿ ಪಾರ್ಕಿಂಗ್ ಲಾಟಲ್ಲಿ ಮೂವತ್ತು ಮೈಲಿ ವೇಗದಿಂದ ಹತ್ತಾರು ಸಲ ಗಟ್ಟಿಯಾಗಿ ಬ್ರೇಕ್ ಹೊಡೆದು ನೋಡಿ, ಕಾರ್ ಯಾವ ಕಡೆಗೆ ಎಳೆಯತ್ತೆ, ಹಿಂದಿನ ಚಕ್ರ ಯಾವಾಗ ಲಾಕ್ ಆಗತ್ತೆ ಅಂತ ಡ್ರೈವರಿಗೆ ಕೈಗೆ ಕಾಲಿಗೆ ಗೊತ್ತಾಗಬೇಕು. ಮಳೇಲೂ ಒಂದು ದಿನ ಅಲ್ಲೇ ಮಾಡಿಸಿ. ಡ್ರಮ್ ಬ್ರೇಕ್ ನೀರಲ್ಲಿ ನೆನೆದ್ರೆ ಮೊದಲ ಒಂದೆರಡು ಒತ್ತಿಗೆ ಹಿಡಿಯೋದೇ ಇಲ್ಲ, ಕಾಲನ್ನ ಮೆಲ್ಲಗೆ ಇಟ್ಟು ಒಣಗಿಸಬೇಕು. ಐವತ್ತು ಮೈಲಿ ಓಡಿದ ಮೇಲೆ ಚಕ್ರದ ನಟ್ಟುಗಳನ್ನ ಟಾರ್ಕ್ ವ್ರೆಂಚಲ್ಲಿ ಇನ್ನೊಮ್ಮೆ ಬಿಗಿ ಮಾಡಿ, ಬ್ರೇಕ್ ಆಯಿಲ್ ಮಟ್ಟ ನೋಡಿ, ಕೆಳಗೆ ಒಂದು ರಟ್ಟು ಹಾಸಿಟ್ಟು ಬೆಳಿಗ್ಗೆ ಎಲ್ಲೆಲ್ಲಿ ಹನಿ ಬಿದ್ದಿದೆ ಅಂತ ಚಾಕ್‌ಪೀಸಲ್ಲಿ ಗುರುತು ಹಾಕಿ, ಮುಂದಿನ ಶನಿವಾರದ ಕೆಲಸ ಅದೇ.